ಕಲ್ಲುಹಾಸಿಗೆ ದುಡ್ಡಿದೆ, ಸರಪಳಿಗಿಲ್ಲ

ಓದುಗರ ಪತ್ರ: "ನಮ್ಮ ಬಡಾವಣೆಯ ಉದ್ಯಾನದಲ್ಲಿ ಚೆನ್ನಾಗಿಯೇ ಇದ್ದ ನಡಿಗೆಪಥವನ್ನು ಅಗೆದು ಹೊಸ ಕಲ್ಲು ಹಾಸುತ್ತಿದ್ದಾರೆ. ಮಕ್ಕಳ ಉಯ್ಯಾಲೆಯ ಸರಪಳಿ ಕಡಿದು ವರ್ಷವಾಯಿತು. ಗಿಡಗಳಿಗೆ ನೀರು ಬಿಡುವವರಿಲ್ಲ. ಇದನ್ನೆಲ್ಲ ತೀರ್ಮಾನಿಸುವವರು ಯಾರು? ನಾವು ಕಟ್ಟುವ ಆಸ್ತಿ ತೆರಿಗೆ ಎಲ್ಲಿಗೆ ಹೋಗುತ್ತದೆ?"
— ಒಬ್ಬ ಓದುಗರು, ಬೆಂಗಳೂರು

ಸಂಪಾದಕರ ಉತ್ತರ: ನಿಮ್ಮ ಸಿಟ್ಟು ಕಲ್ಲಿನ ಮೇಲಿದೆ. ನನಗೆ ಕಾಡಿದ್ದು ಆ ಸರಪಳಿ. ಲಕ್ಷಗಟ್ಟಲೆ ರೂಪಾಯಿಯ ಕಲ್ಲುಹಾಸಿಗೆ ದಾರಿ ಸಿಗುವ ಊರಿನಲ್ಲಿ ಕೆಲವು ನೂರು ರೂಪಾಯಿಯ ಸರಪಳಿಗೆ ಏಕೆ ಸಿಗುವುದಿಲ್ಲ?

ಪಾಲಿಕೆಯ ಲೆಕ್ಕದಲ್ಲಿ ಎರಡು ಚೀಲಗಳಿವೆ. ಒಂದು ಹೊಸ ಕಾಮಗಾರಿಯದು, ಇನ್ನೊಂದು ನಿರ್ವಹಣೆಯದು. ನಡಿಗೆಪಥ ಮೊದಲನೆಯದಕ್ಕೆ ಸೇರುತ್ತದೆ. ಎಂಜಿನಿಯರ್ ದರಪಟ್ಟಿ ನೋಡಿ, ಇಷ್ಟು ಚದರ ಮೀಟರಿಗೆ ಇಷ್ಟು ಎಂದು ಅಂದಾಜುಪಟ್ಟಿ ಬರೆಯುತ್ತಾರೆ. ಅದಕ್ಕೆ ಆಡಳಿತಾತ್ಮಕ ಮಂಜೂರಾತಿ, ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ. ಕೆಲಸ ಮುಗಿದ ಮೇಲೆ ಟೇಪು ಹಿಡಿದು ಅಳೆದು ಅಳತೆ ಪುಸ್ತಕದಲ್ಲಿ ಬರೆದರೆ ಬಿಲ್ ಸಿದ್ಧ. ಕಲ್ಲನ್ನು ಅಳೆಯಬಹುದು. ಮಾಲಿ ಈ ಬೆಳಿಗ್ಗೆ ಪಾರಿಜಾತದ ಬುಡಕ್ಕೆ ನೀರು ಹಾಕಿದನೋ ಇಲ್ಲವೋ ಎಂಬುದನ್ನು ಯಾವ ಟೇಪಿನಿಂದ ಅಳೆಯುವುದು? ಸರಪಳಿ ಜೋಡಿಸಿದ್ದಕ್ಕೆ ಯಾರೂ ಉದ್ಘಾಟನಾ ಫಲಕ ಹಾಕಿಸಿಕೊಳ್ಳುವುದಿಲ್ಲ ಎಂಬುದೂ ಇದರ ಜೊತೆಗಿದೆ. ನಿರ್ವಹಣೆಯನ್ನು ಒಟ್ಟಾರೆಯಾಗಿ ಗುತ್ತಿಗೆಗೆ ಕೊಟ್ಟು ಕೈತೊಳೆದುಕೊಂಡರೆ ಉಯ್ಯಾಲೆ ಯಾರ ಲೆಕ್ಕಕ್ಕೂ ಬರುವುದಿಲ್ಲ.

ತೆರಿಗೆಯ ಪ್ರಶ್ನೆಗೆ ಉತ್ತರ ಸರಳ, ಆದರೆ ನಿಮಗೆ ರುಚಿಸಲಿಕ್ಕಿಲ್ಲ. ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ, ಭಿಕ್ಷುಕರ ಕರ ಎಂದೆಲ್ಲ ಕಟ್ಟುತ್ತೀರಿ. ಉದ್ಯಾನ ಕರ ಎಂಬುದಿಲ್ಲ. ತೆರಿಗೆ ಸಾಮಾನ್ಯ ನಿಧಿಗೆ ಸೇರಿ, ಸಂಬಳ, ರಸ್ತೆ, ಚರಂಡಿಗಳ ನಡುವೆ ನಿಮ್ಮ ಉದ್ಯಾನವೂ ಸರತಿಯಲ್ಲಿ ನಿಲ್ಲಬೇಕು. ಇದರ ಹೊರಗೆ ಸರ್ಕಾರದ ಅನುದಾನವಿದೆ, ಶಾಸಕರ ವಾರ್ಷಿಕ 2 ಕೋಟಿ ರೂಪಾಯಿಯ ಪ್ರದೇಶಾಭಿವೃದ್ಧಿ ನಿಧಿಯಿದೆ. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಒಂದು ಪಾಲಿಕೆ ಹೋಗಿ ಐದು ಬಂದಾಗಲೂ ಕುರ್ಚಿಯಲ್ಲಿದ್ದವರು ಅಧಿಕಾರಿಗಳೇ. ಹೀಗಾಗಿ "ತೀರ್ಮಾನಿಸುವವರು ಯಾರು" ಎಂದು ನೀವು ಕೇಳಿದ್ದಕ್ಕೆ, ಆ ವರ್ಷಗಳ ಮಟ್ಟಿಗೆ, ಎಂಜಿನಿಯರು ಮತ್ತು ಶಾಸಕರು ಎನ್ನುವುದೇ ಪ್ರಾಮಾಣಿಕ ಉತ್ತರ. (ಕೆಲವರು ಇಂಥ ದೂರು ಹಿಡಿದು ಲಾಲ್‌ಬಾಗಿಗೆ ಹೋಗುತ್ತಾರೆ. ಲಾಲ್‌ಬಾಗ್, ಕಬ್ಬನ್ ಪಾರ್ಕ್‌ಗಳು ರಾಜ್ಯ ತೋಟಗಾರಿಕೆ ಇಲಾಖೆಯವು. ಬಡಾವಣೆಯ ಉದ್ಯಾನ ಅವರದಲ್ಲ.)

ನಿವಾಸಿಗಳ ಮಾತಿಗೆ ಬೆಲೆಯೇ ಇಲ್ಲವೆಂದು ತಿಳಿಯಬೇಡಿ. ಸದಾಶಿವನಗರದಲ್ಲಿ ಉದ್ಯಾನಕ್ಕೆಂದು ಮೀಸಲಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮ್‌ಗೆ ಕೊಟ್ಟಾಗ ಅಲ್ಲಿನ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಅವರ ಪರವಾಗಿ ನಿಂತಿತು. ಮುದ್ದಪ್ಪ ಪ್ರಕರಣವೆಂದು ವಕೀಲರು ಇಂದಿಗೂ ಉಲ್ಲೇಖಿಸುವುದು ಇದನ್ನೇ. ಆದರೆ ನ್ಯಾಯಾಲಯ ನೆಲವನ್ನು ಉಳಿಸಿಕೊಟ್ಟೀತು, ನೀರು ಹಾಕಲು ಬರುವುದಿಲ್ಲ.

ನೀರೆಂದ ಕೂಡಲೇ 2024ರ ಬೇಸಿಗೆ ನೆನಪಾಗುತ್ತದೆ. ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆಗ ಆದೇಶಿಸಿತ್ತು. ಅಂಥ ಊರಿನಲ್ಲಿ ಉದ್ಯಾನಕ್ಕೆ ಬೇಕಾದದ್ದು ಇಂಗುಗುಂಡಿ, ಸಂಸ್ಕರಿಸಿದ ನೀರಿನ ಕೊಳವೆ. ನಾವು ಮಾಡುತ್ತಿರುವುದು ಮಳೆ ಇಂಗುವ ಮಣ್ಣಿನ ಮೇಲೆ ಕಲ್ಲು ಮುಚ್ಚುವ ಕೆಲಸ. ಇಂಗುಗುಂಡಿಯನ್ನೂ ಅಳೆಯಬಹುದು, ಅದೂ ಅಂದಾಜುಪಟ್ಟಿಯಲ್ಲಿ ಕೂರುತ್ತದೆ. ಕೇಳುವವರು ಬೇಕು, ಅಷ್ಟೆ.

ಕೇಳಲು ಹೊತ್ತುಗೊತ್ತಿದೆ. ಹಣಕಾಸು ವರ್ಷ ಶುರುವಾಗುವುದು ಏಪ್ರಿಲಿನಲ್ಲಿ. ಮಾರ್ಚ್‌ನಲ್ಲಿ ಅರ್ಜಿ ಹಿಡಿದು ಹೋಗುವುದೆಂದರೆ ಪಂಕ್ತಿ ಎದ್ದ ಮೇಲೆ ಎಲೆ ಹಾಸಿಕೊಂಡಂತೆ. ದೀಪಾವಳಿ ಮುಗಿದ ಕೂಡಲೇ ವಾರ್ಡ್ ಕಚೇರಿಗೆ ಹೋಗಿ, ಲಿಖಿತವಾಗಿ ಕೊಡಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಕಲ್ಲುಹಾಸಿನ ಬಗ್ಗೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಕೇಳಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಅಂದಾಜುಪಟ್ಟಿ ಮತ್ತು ಅಳತೆ ಪುಸ್ತಕದ ಪ್ರತಿ, ದೋಷ ಹೊಣೆಗಾರಿಕೆ ಅವಧಿ, ಇಷ್ಟನ್ನೇ ಕೇಳಿ. ಆ ಅವಧಿಯೊಳಗೆ ಕಲ್ಲು ಎದ್ದರೆ ಗುತ್ತಿಗೆದಾರರು ಸ್ವಂತ ಖರ್ಚಿನಲ್ಲಿ ಸರಿಪಡಿಸಬೇಕು.

ಇನ್ನು ಸರಪಳಿ. ಅದನ್ನು ಈ ಭಾನುವಾರವೇ ನೀವು ನಾಲ್ಕು ಮನೆಯವರು ಸೇರಿ ಹಾಕಿಸಿಬಿಡಿ. ಮಕ್ಕಳು ಕಡತಕ್ಕಾಗಿ ಕಾಯುವುದು ಬೇಡ. ಅಂಗಡಿಯ ರಸೀದಿಯನ್ನು ಮಾತ್ರ ಎಸೆಯದೆ ದೀಪಾವಳಿಯ ಆ ಅರ್ಜಿಗೆ ಲಗತ್ತಿಸಿ.