ನಿಮ್ಮ ಅಗ್ನಿಜಾಳಿಗೆ ಯಾರೂ ಬೇಕಾಗಿಲ್ಲ

ನಮಸ್ಕಾರ,

ನೀವು ಕಳಿಸಿದ್ದನ್ನೆಲ್ಲ ಎರಡು ಸಲ ಓದಿದೆ. ನಿಮ್ಮ ಪಾತ್ರ ಅಗ್ನಿಜಾಳ ಪರಿಚಯ ನಾಲ್ಕು ಪುಟ, ಕಥೆಯ ನಕ್ಷೆ ಹನ್ನೆರಡು ಹಂತ, ಜೊತೆಗೆ ಮಾದರಿಗೆಂದು ಬರೆದ ಮೊದಲ ಸರದಿ. ಇನ್ನಿಬ್ಬರ ಜೊತೆ ಸೇರಿ, ಒಬ್ಬೊಬ್ಬರು ಒಂದೊಂದು ಪಾತ್ರ ಹಿಡಿದು ಸರದಿಯಂತೆ ಬರೆಯುವ ರೋಲ್‌ಪ್ಲೇಗೆ ಇಷ್ಟು ಸಾಕಾ ಅಂತ ಕೇಳಿದ್ದೀರಿ. ನೇರವಾಗಿ ಹೇಳುತ್ತೇನೆ. ಬೇಕಾದ್ದಕ್ಕಿಂತ ಜಾಸ್ತಿ ಇದೆ, ತೊಂದರೆಯೂ ಅದೇ. ಒಬ್ಬರೇ ಬರೆಯುವ ಕಾದಂಬರಿಗೆ ಇದು ಆಗಬಹುದು. ಮೂವರು ಬರೆಯುವ ಕಥೆಯಲ್ಲಿ ಉಳಿದಿಬ್ಬರಿಗೆ ಇಲ್ಲಿ ಕೆಲಸವೇ ಇಲ್ಲ.

ಅಗ್ನಿಜಾಳಿಗೆ ಏಳು ಆಯುಧ ಗೊತ್ತು. ನಾಲ್ಕು ಭಾಷೆ ಬರುತ್ತದೆ. ಯಾರು ಸುಳ್ಳು ಹೇಳಿದರೂ ಕಣ್ಣು ನೋಡಿಯೇ ಹಿಡಿಯುತ್ತಾಳೆ. ಅಪ್ಪ ಅಮ್ಮನನ್ನು ಕೊಂದವನ ಮೇಲೆ ಹದಿನಾರನೇ ವಯಸ್ಸಿಗೇ ಸೇಡು ತೀರಿಸಿಕೊಂಡಿದ್ದಾಳೆ. ಯಾರನ್ನೂ ನಂಬುವುದಿಲ್ಲ, ಯಾರ ಹಂಗೂ ಇಲ್ಲ. ಹಾಗಾದರೆ ಕಥೆ ನಡೆಯುವ ಪಾಳು ಕೋಟೆಗೆ ಬಂದು ಅಲ್ಲಿನ ಕಾವಲುಗಾರನ ಜೊತೆ ಅವಳು ಯಾಕೆ ಮಾತಾಡಬೇಕು? ನಾಲ್ಕು ಪುಟದಲ್ಲಿ ಹುಡುಕಿದರೂ ನನಗೆ ಉತ್ತರ ಸಿಗಲಿಲ್ಲ. ಕಾವಲುಗಾರನನ್ನು ಬರೆಯುವವರಿಗೂ ಸಿಗುವುದಿಲ್ಲ.

1973ರಲ್ಲಿ ಪೌಲಾ ಸ್ಮಿತ್ ಅನ್ನುವವರು ಸ್ಟಾರ್ ಟ್ರೆಕ್ ಅನ್ನುವ ಅಮೆರಿಕದ ಟಿವಿ ಸರಣಿಯ ಅಭಿಮಾನಿಗಳು ಬರೆಯುತ್ತಿದ್ದ ಕಥೆಗಳನ್ನು ಅಣಕಿಸಿ ಒಂದು ಪುಟ್ಟ ಕಥೆ ಬರೆದರು. ಅದರ ನಾಯಕಿ ಮೇರಿ ಸ್ಯೂಗೆ ಹದಿನೈದೂವರೆ ವರ್ಷ, ಆಗಲೇ ಲೆಫ್ಟಿನೆಂಟ್, ಅವಳ ಕೈಲಾಗದ ಕೆಲಸವೇ ಇಲ್ಲ. ಇಂಥ ಪಾತ್ರಗಳಿಗೆ ಆಮೇಲೆ ಅದೇ ಹೆಸರು ಅಂಟಿಕೊಂಡಿತು. ಅಗ್ನಿಜಾಳಿಗೂ ಆ ಹೆಸರು ಅಂಟಿಸಿ ಕೈ ತೊಳೆದುಕೊಳ್ಳಲು ನನಗೆ ಮನಸ್ಸಿಲ್ಲ. ಗಟ್ಟಿ ಹೆಣ್ಣು ಪಾತ್ರ ಕಂಡ ಕೂಡಲೇ ಅದನ್ನು ಎಸೆಯುವವರು ಬೇಕಾದಷ್ಟು ಜನ ಇದ್ದಾರೆ, ಅದು ಅನ್ಯಾಯ. ಅವಳ ಬಲ ಇರಲಿ. ಅವಳಿಗೆ ಏನಾದರೂ ಬೇಕಾಗಿರಬೇಕು, ಅದು ಇನ್ನೊಬ್ಬರ ಕೈಯಲ್ಲಿರಬೇಕು, ಅಷ್ಟೇ.

ಎರಡನೇ ಪುಟದ ಮಧ್ಯೆ ಒಂದು ಸಾಲಿದೆ: ಮಲಗುವಾಗಲೂ ಅವಳು ಚಪ್ಪಲಿ ಬಿಚ್ಚುವುದಿಲ್ಲ. ಅದನ್ನು ಓದಿ ನಾನು ಒಂದು ಕ್ಷಣ ನಿಂತೆ. ಏಳು ಆಯುಧ ಹೇಳದ್ದನ್ನು ಆ ಸಾಲು ಹೇಳುತ್ತದೆ, ಯಾಕೆ ಅಂತ ಕೇಳುವ ಆಸೆಯನ್ನೂ ಹುಟ್ಟಿಸುತ್ತದೆ. ಇಂಥ ಸಾಲು ಬರೆಯಬಲ್ಲವರು ನೀವು. ಹಾಗಾಗಿಯೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಈಗ ಒಂದು ಬದಲಾವಣೆ ಮಾಡಿ ನೋಡಿ. ನಾಲ್ಕು ಭಾಷೆ ಮಾತಾಡಲಿ, ಆದರೆ ಓದಲು ಬಾರದಿರಲಿ. ಅಮ್ಮ ಸಾಯುವ ಮೊದಲು ಕೊಟ್ಟ ಪತ್ರ ಒಂದು ಅವಳ ಹತ್ತಿರ ಇದೆ, ಎಷ್ಟೋ ವರ್ಷದಿಂದ ಯಾರಿಗೂ ತೋರಿಸಿಲ್ಲ, ಯಾಕೆಂದರೆ ತೋರಿಸಬೇಕಾದರೆ ಮೊದಲು ಯಾರನ್ನಾದರೂ ನಂಬಬೇಕು. ಕೋಟೆಯಲ್ಲಿ ಓದು ಬಲ್ಲವನು ಆ ಕಾವಲುಗಾರ ಒಬ್ಬನೇ. ಅವನು ಇದ್ದದ್ದನ್ನೇ ಓದಬಹುದು, ಒಂದು ಸಾಲು ಬಿಟ್ಟು ಓದಬಹುದು, ಪೂರ್ತಿ ಸುಳ್ಳನ್ನೇ ಓದಬಹುದು. ಸುಳ್ಳು ಹಿಡಿಯುವ ಶಕ್ತಿಯನ್ನು ಅವಳಿಂದ ತೆಗೆದುಬಿಡಿ, ಇಲ್ಲದಿದ್ದರೆ ಇದೆಲ್ಲ ದಂಡ. ಇನ್ನೊಂದು ಮುಖ್ಯ ಮಾತು. ಪತ್ರದಲ್ಲಿ ಏನಿದೆ ಅಂತ ನೀವೂ ತೀರ್ಮಾನಿಸಬೇಡಿ. ಅದನ್ನು ಕಾವಲುಗಾರನನ್ನು ಬರೆಯುವವರಿಗೆ ಬಿಡಿ. ಅವರು ಬರೆದದ್ದನ್ನು ಓದುವಾಗ ಅಗ್ನಿಜಾಳ ಜೊತೆ ನಿಮ್ಮ ಎದೆಯೂ ಹೊಡೆದುಕೊಳ್ಳುತ್ತದೆ. ಒಬ್ಬರೇ ಕೂತು ಬರೆಯುವಾಗ ಈ ಅನುಭವ ಸಿಗುವುದಿಲ್ಲ, ಅಲ್ವಾ?

ಮೊದಲ ಸರದಿಯ ಬಗ್ಗೆ ಸ್ವಲ್ಪ ಖಾರವಾಗಿಯೇ ಹೇಳಬೇಕು. 'ಅವಳ ಕತ್ತಿ ಕಾವಲುಗಾರನ ಭುಜ ಸೀಳಿತು. ಅವನು ನಡುಗುತ್ತಾ ಮಂಡಿಯೂರಿದ' ಅಂತ ಬರೆದಿದ್ದೀರಿ. ಮೊದಲ ವಾಕ್ಯವೇ ನಿಮ್ಮದಲ್ಲ, ಎರಡನೆಯದಂತೂ ಅಲ್ಲವೇ ಅಲ್ಲ. ಇನ್ನೊಬ್ಬರ ಪಾತ್ರಕ್ಕೆ ಏನಾಯಿತು, ಅದು ಏನು ಮಾಡಿತು ಅಂತ ನೀವೇ ಬರೆದುಬಿಟ್ಟಿದ್ದೀರಿ. ರೋಲ್‌ಪ್ಲೇ ಬರೆಯುವವರು ಇದನ್ನು ಗಾಡ್‌ಮಾಡಿಂಗ್ ಅನ್ನುತ್ತಾರೆ, ಜೊತೆಗಾರರು ಬಿಟ್ಟುಹೋಗಲು ಇದೊಂದೇ ಸಾಕು. 1974ರಲ್ಲಿ ಬಂದ ಡಂಜನ್ಸ್ ಅಂಡ್ ಡ್ರಾಗನ್ಸ್ ಅನ್ನುವ, ಪಾತ್ರ ವಹಿಸಿ ಆಡುವ ಆಟದಲ್ಲಿ ಏಟು ತಾಗಿತೋ ಇಲ್ಲವೋ ಅಂತ ಹೇಳಲು ಇಪ್ಪತ್ತು ಮುಖದ ದಾಳ ಇತ್ತು, ಹೊಡೆದವನ ಆಸೆಗೆ ಅಲ್ಲಿ ಬೆಲೆ ಇರಲಿಲ್ಲ. ಬರೀ ಮಾತಿನಲ್ಲಿ ಕಟ್ಟುವ ನಿಮ್ಮ ಕಥೆಯಲ್ಲಿ ದಾಳ ಇಲ್ಲ. ಆ ಜಾಗದಲ್ಲಿ ಇರುವುದು ಎದುರಿನ ಬರಹಗಾರರು. 'ಅವಳು ಕತ್ತಿಯನ್ನು ಅವನ ಭುಜದ ಕಡೆ ಬೀಸಿದಳು' ಅಂತ ನಿಲ್ಲಿಸಿ. ತಪ್ಪಿಸಿಕೊಳ್ಳುವುದೋ, ಏಟು ತಿನ್ನುವುದೋ, ಸುಮ್ನೆ ನಿಂತು ನಗುವುದೋ, ಅವರೇ ಹೇಳಲಿ.

ಅದೇ ಸರದಿಯಲ್ಲಿ ಅಗ್ನಿಜಾ ಅವನನ್ನು 'ಸೈನ್ಯದಿಂದ ಓಡಿಬಂದವನೇ' ಅಂತ ಕರೆಯುತ್ತಾಳೆ. ಅವಳಿಗೆ ಅದು ಹೇಗೆ ಗೊತ್ತಾಯಿತು? ಅವನ ಪರಿಚಯದ ಪುಟ ಓದಿದವರು ನೀವು, ಅವಳಲ್ಲ. ತೆಗೆಯಿರಿ.

ಕೊನೆಯ ಪ್ಯಾರಾದಲ್ಲಿ ಅವಳು ಏನೂ ಮಾತಾಡದೆ ಕಿಟಕಿಯಾಚೆ ನೋಡುತ್ತಾ ನಿಲ್ಲುತ್ತಾಳೆ. ನೋಡಲು ಚೆಂದ. ಆದರೆ ಮುಂದಿನವರು ಏನು ಹಿಡಿದುಕೊಂಡು ಬರೆಯಬೇಕು? ಮೌನ ಇರಲಿ, ಆ ಮೌನದಲ್ಲಿ ಕೈ ಒಂದು ಸಲ ಪತ್ರದ ಕಡೆ ಹೋಗಿ ವಾಪಸ್ ಬರಲಿ. ಅವನು ಅದನ್ನು ನೋಡಬಹುದು, ನೋಡದೆಯೂ ಇರಬಹುದು.

ಹನ್ನೆರಡು ಹಂತದ ನಕ್ಷೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದರಲ್ಲಿ ಏಳನೇ ಹಂತಕ್ಕೆ ಕಾವಲುಗಾರ ಅವಳನ್ನು ಪ್ರೀತಿಸುತ್ತಾನೆ, ಹತ್ತಕ್ಕೆ ಅವಳಿಗಾಗಿ ಸಾಯುತ್ತಾನೆ. ಅವನನ್ನು ಬರೆಯುವವರನ್ನು ಕೇಳಿದ್ದೀರಾ? ನಕ್ಷೆಯಲ್ಲಿ ಮೂರೇ ವಿಷಯ ಉಳಿಸಿಕೊಳ್ಳಿ. ಒಂದು ಜಾಗ, ಎಲ್ಲರ ಮೇಲೂ ಬೀಳುವ ಒಂದು ಒತ್ತಡ, ಅದಕ್ಕೊಂದು ಗಡುವು. ಹಿಮ ಬಿದ್ದರೆ ಕಣಿವೆಯ ದಾರಿ ಮುಚ್ಚಿಹೋಗುತ್ತದೆ ಅನ್ನುವುದು ನಿಮ್ಮ ಎಂಟನೇ ಹಂತದಲ್ಲಿದೆ. ಅದನ್ನು ಮೊದಲ ದಿನಕ್ಕೇ ತನ್ನಿ. ಅಗ್ನಿಜಾ ಹಿಮ ಬೀಳುವ ಮೊದಲು ಹೊರಡಬೇಕು, ಕಾವಲುಗಾರನಿಗೆ ಬಾಗಿಲು ತೆಗೆಯಬೇಡ ಅಂತ ಆಜ್ಞೆ ಇದೆ, ಇಬ್ಬರದ್ದೂ ಸರಿಯೇ. ಇನ್ನು ಕಥೆ ತಾನಾಗಿ ನಡೆಯುತ್ತದೆ. ಸಾವು, ದೊಡ್ಡ ಗಾಯ, ಪ್ರೇಮ, ಇವುಗಳ ವಿಷಯ ಮಾತ್ರ ಶುರು ಮಾಡುವ ಮೊದಲೇ ಕಥೆಯ ಹೊರಗೆ ಮೂವರೂ ಕೂತು ಮಾತಾಡಿಕೊಳ್ಳಿ. ಯಾರಿಗೆ ಏನು ಬೇಡವೋ ಅದನ್ನು ಕಾರಣ ಕೇಳದೆ ಒಪ್ಪಿಕೊಳ್ಳಿ.

ಪರಿಚಯವನ್ನು ಒಂದು ಪುಟಕ್ಕೆ ಇಳಿಸಿ. ಮೊದಲ ಸರದಿಯನ್ನು ಹೊಸದಾಗಿ ಬರೆಯಿರಿ, ಅವಳು ಬಾಗಿಲು ತಟ್ಟಿದಲ್ಲಿಗೆ ನಿಲ್ಲಿಸಿ. ಕಳಿಸಿದ ಮೇಲೆ ಅದನ್ನು ನಾನೇ ಕಾವಲುಗಾರನ ಬರಹಗಾರರಿಗೆ ಕೊಡುತ್ತೇನೆ. ಅವರ ಸರದಿ ಬರಲಿ, ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಮಾತಾಡೋಣ.