ಉಪ್ಪುನೀರಿನ ಅಕ್ವೇರಿಯಂ ಟ್ಯಾಂಕಲ್ಲಿ ಲೈವ್ ರಾಕ್ (ಸೂಕ್ಷ್ಮಜೀವಿಗಳು ತುಂಬಿರೋ ಕಲ್ಲು) ಮೇಲೆ ಕೋರಲ್ ಫ್ರಾಗ್ (ಹವಳದ ಸಣ್ಣ ತುಂಡು) ನಿಲ್ತಾನೇ ಇಲ್ಲ, ಸೂಪರ್ ಗ್ಲೂ ಹಾಕಿದ್ರೂ ಬಿದ್ದೋಗ್ತಿದೆ, ಏನ್ ಮಾಡ್ಲಿ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರ್ ಮಾಡ್ಕೋಬೇಡಿ, ಮೊದಲ ಟ್ಯಾಂಕ್ ಇಟ್ಟಾಗ ನಾನೂ ಇದೇ ಪಾಡು ಪಟ್ಟಿದೀನಿ. ಝೋವಾ ಒಂದು, ಹ್ಯಾಮರ್ ಒಂದು, ಮಶ್ರೂಮ್ ಒಂದು, ಹೀಗೆ ಮೂರು ತರದ ಹವಳ ತಂದ್ರಿ, ಸೂಪರ್ ಗ್ಲೂ ಹಚ್ಚಿ ನೀರೊಳಗೇ ಕಲ್ಲಿಗೆ ಒತ್ತಿದ್ರಿ, ಬೆಳಿಗ್ಗೆ ಎದ್ದು ನೋಡಿದ್ರೆ ಮೂರೂ ಮರಳಲ್ಲಿ ಮಕಾಡೆ ಮಲಗಿದ್ವು, ಇಷ್ಟೇ ತಾನೇ? ಗ್ಲೂ ಬ್ರ್ಯಾಂಡ್ ಬದಲಾಯಿಸಿ ಏನೂ ಪ್ರಯೋಜನ ಇಲ್ಲ, ಇನ್ನೊಂದು ಟ್ಯೂಬ್ ವೇಸ್ಟ್ ಅಷ್ಟೇ.

ಸೂಪರ್ ಗ್ಲೂ ಅಂದ್ರೆ ಸಯನೋಅಕ್ರಿಲೇಟ್, ಅದು ಗಟ್ಟಿಯಾಗೋದೇ ತೇವ ತಾಗಿದಾಗ. ನೀರೊಳಗೆ ಇಳಿಸಿದ ಕೆಲವೇ ಸೆಕೆಂಡಲ್ಲಿ ಅದರ ಮೇಲೆ ಹಾಲಿನ ಕೆನೆ ಕಟ್ಟಿದ ಹಾಗೆ ಒಂದು ಪದರ ಬಂದ್ಬಿಡತ್ತೆ, ಒಳಗೆ ಇನ್ನೂ ಮೆತ್ತಗಿರತ್ತೆ, ನೀವು ಕಲ್ಲಿಗೆ ಒತ್ತೋ ಹೊತ್ತಿಗೆ ಕಲ್ಲಿಗೆ ತಾಗೋದು ಆ ಕೆನೆ ಮಾತ್ರ. ಇನ್ನು ಲೈವ್ ರಾಕ್ ಮೈಮೇಲೆ ಲೋಳೆ ಪಾಚಿ ಇದ್ದೇ ಇರತ್ತೆ. ಹಲಸಿನ ಹಣ್ಣು ಬಿಡಿಸೋವಾಗ ಕೈಗೆ ಎಣ್ಣೆ ಸವರ್ಕೊಂಡ್ರೆ ಮೇಣ ಅಂಟಲ್ವಲ್ಲ, ಇಲ್ಲಿ ಆ ಎಣ್ಣೆ ಕೆಲಸ ಪಾಚಿ ಮಾಡ್ತಿದೆ.

ಅದಕ್ಕೇ ನಾನು ಹೇಳೋದು, ಗ್ಲೂ ಟ್ಯೂಬ್ ಓಪನ್ ಮಾಡೋ ಮುಂಚೆ ಕಲ್ಲಲ್ಲಿ ಒಂದು ತೂತು ಹುಡುಕಿ. ಚಪ್ಪರ ಹಾಕೋರು ಮೊದಲು ಗುಂಡಿ ತೋಡಿ ಕಂಬ ನಿಲ್ಲಿಸ್ತಾರೆ, ಹಗ್ಗ ಕಟ್ಟೋದು ಆಮೇಲೆ. ಫ್ರಾಗು ಗ್ಲೂ ಇಲ್ಲದೇನೇ ಅಲ್ಲಿ ಅಲ್ಲಾಡದೆ ಕೂರಬೇಕು, ಪವರ್‌ಹೆಡ್ (ಟ್ಯಾಂಕೊಳಗೆ ನೀರು ತಳ್ಳೋ ಪಂಪ್) ಆನ್ ಮಾಡಿ ಒಂದಿನ ನೋಡಿ, ಕೂತ್ರೆ ಅದೇ ಜಾಗ. ಅದಕ್ಕೂ ಮುಂಚೆ ಹೊಸ ಫ್ರಾಗ್‌ಗಳನ್ನ ಡಿಪ್ ಮಾಡಿ (ಹುಳ ಹುಪ್ಪಟೆ ಹೋಗೋ ಔಷಧಿ ನೀರಲ್ಲಿ ಅದ್ದಿ) ಒಂದೆರಡು ವಾರ ಕೆಳಗೆ ಮರಳ ಮೇಲೋ ರ‍್ಯಾಕಲ್ಲೋ ಇಟ್ಟಿರಿ, ಲೈಟಿಗೆ ಹೊಂದ್ಕೋತಾವೆ. ಮೊದಲನೇ ದಿನಾನೇ ಪರ್ಮನೆಂಟಾಗಿ ಅಂಟಿಸಿ, ಅಲ್ಲಿನ ಬೆಳಕು ಒಗ್ಗದೆ ಮುದುರ್ಕೊಂಡ್ಮೇಲೆ ಕೀಳಕ್ಕೆ ಹೋಗೋದು ದೊಡ್ಡ ಹಿಂಸೆ.

ಈಗ ಅಂಟಿಸೋದು. ತೆಳ್ಳಗೆ ನೀರಿನ ತರ ಹರಿಯೋ ಗ್ಲೂ ಬೇಡ, ಜೆಲ್ ತಗೊಳ್ಳಿ. ಜೊತೆಗೆ ಅಕ್ವೇರಿಯಂಗೆ ಅಂತಾನೇ ಸಿಗೋ ಎಪಾಕ್ಸಿ ಪುಟ್ಟಿ, ಊರಲ್ಲಿ ಪೈಪ್ ಲೀಕಿಗೆ ಎಂ-ಸೀಲ್ ನಾದ್ತೀವಲ್ಲ ಅದೇ ಜಾತಿದು, ಆದ್ರೆ ಹಾರ್ಡ್‌ವೇರ್ ಅಂಗಡೀದು ಹಾಕ್ಬೇಡಿ, ಕೆಲವದರಲ್ಲಿ ಲೋಹದ ಪುಡಿ ಇರತ್ತೆ. ಪುಟ್ಟಿ ಒಂದೇ ಹಾಕಿದ್ರೆ ನೀರಲ್ಲಿ ಸರಿಯಾಗಿ ಅಂಟಲ್ಲ, ಗ್ಲೂ ಒಂದೇ ಹಾಕಿದ್ರೆ ಕಲ್ಲಿನ ಉಬ್ಬು ತಗ್ಗು ತುಂಬಲ್ಲ, ಹಾಗಾಗಿ ಎರಡೂ ಸೇರಿಸ್ಬೇಕು. ಕಲ್ಲಿನ ಆ ಜಾಗನ ಹಳೇ ಟೂತ್‌ಬ್ರಶ್ ತಗೊಂಡು ಚೆನ್ನಾಗಿ ಉಜ್ಜಿ, ಪಂಪ್ ಎಲ್ಲಾ ಆಫ್ ಮಾಡಿ, ಫ್ರಾಗ್ ಹೊರಗೆ ತೆಗೆದು ಬುಡಾನ ಟಿಶ್ಯೂಲಿ ಒತ್ತಿ ಒರೆಸಿ, ಒಂದೆರಡು ನಿಮಿಷ ಹೊರಗಿದ್ರೆ ಏನೂ ಆಗಲ್ಲ, ಕಡಲೆಕಾಳಿನಷ್ಟು ಜೆಲ್ ಬುಡಕ್ಕೆ, ಅದರ ಮೇಲೆ ನಾದಿದ ಪುಟ್ಟಿ ಗೋಲಿ ಗಾತ್ರದ್ದು, ಪುಟ್ಟಿ ಮೇಲೆ ಮತ್ತೆ ಜೆಲ್, ತಕ್ಷಣ ನೀರಿಗಿಳಿಸಿ ತೂತಿಗೆ ಒತ್ತಿ ಸ್ವಲ್ಪ ಎಡಕ್ಕೆ ಬಲಕ್ಕೆ ತಿರುಗಿಸಿ. ಈ ತಿರುಗಿಸೋದೇ ಮುಖ್ಯ, ಆಗಲೇ ಕೆನೆ ಒಡೆದು ಹಸಿ ಗ್ಲೂ ಕಲ್ಲಿಗೆ ತಾಗೋದು. ಒಂದು ನಿಮಿಷ ಕೈ ಬಿಡ್ಬೇಡಿ, ಪಂಪ್ ಹದಿನೈದು ನಿಮಿಷ ಬಿಟ್ಟು ಹಾಕಿ. ಕಲ್ಲೇ ಹೊರಗೆ ತೆಗೆಯಕ್ಕೆ ಆಗೋ ಹಾಗಿದ್ರೆ ಇನ್ನೂ ಸಲೀಸು. ಬುಡದ ಸುತ್ತ ಬೆಳ್ಳಗೆ ಅಸಹ್ಯವಾಗಿ ಕಾಣತ್ತೆ, ಕಾಣಲಿ ಬಿಡಿ, ಕೆಲವು ತಿಂಗಳಲ್ಲಿ ಅದರ ಮೇಲೆ ಗುಲಾಬಿ ಬಣ್ಣದ ಕೋರಲೈನ್ ಪಾಚಿ ಹಬ್ಬತ್ತೆ.

ಆಮೇಲೆ ಸ್ಕಿಮ್ಮರ್, ಅಂದ್ರೆ ನೊರೆ ಎಬ್ಬಿಸಿ ನೀರಿನ ಕೊಳೆನ ಒಂದು ಕಪ್ಪಿಗೆ ತೆಗೆಯೋ ಯಂತ್ರ. ನಾನು ಒಂದು ಸಂಡೇ ಹುಮ್ಮಸ್ಸಲ್ಲಿ ಎಂಟು ಫ್ರಾಗ್ ಒಟ್ಟಿಗೆ ಅಂಟಿಸಿ ಹೋಗಿ ಮಲಗಿದೆ, ಪುಟ್ಟಿಗೆ ಸ್ಕಿಮ್ಮರ್ ಹುಚ್ಚು ಹಿಡಿದ ಹಾಗೆ ನೊರೆ ಬರತ್ತೆ ಅಂತ ಗೊತ್ತಿರ್ಲಿಲ್ಲ, ಕಪ್ ತುಂಬಿ ಚೆಲ್ಲಿ ಕಾರ್ಪೆಟ್ ಎಲ್ಲಾ ಉಪ್ಪುನೀರು, ಇಲ್ಲಿ ನ್ಯೂಜೆರ್ಸಿ ಚಳೀಲಿ ಕಿಟಕಿ ತೆಗೆದು ಒಣಗಿಸೋಕೂ ಆಗ್ದೆ ಒಂದು ವಾರ ಮನೇಲಿ ಮೀನು ಮಾರ್ಕೆಟ್ ವಾಸನೆ. ನಮ್ಮನೆಯವಳು ಇವತ್ತಿಗೂ ಎತ್ತಿ ಆಡ್ತಾಳೆ. ಒಂದಿನ ಸ್ಕಿಮ್ಮರ್ ಆಫ್ ಇಡಿ.

ನಿಮ್ಮ ಮೂರೂ ಒಂದೇ ತರ ಅಲ್ಲ, ಅದನ್ನೂ ಹೇಳ್ಬಿಡ್ತೀನಿ. ಝೋವಾಗೆ ಗ್ಲೂ ಬೇಕಿರೋದು ಕೆಲವು ವಾರಕ್ಕೆ ಅಷ್ಟೇ, ಆಮೇಲೆ ಅದರ ಬುಡದ ಚಾಪೆನೇ ಕಲ್ಲಿಗೆ ಹಬ್ಬಿ ಹಿಡ್ಕೊಳತ್ತೆ. ಫ್ರಾಗ್ ಕೂತಿರೋ ಪ್ಲಗ್ ಅನ್ನೋ ಬಿಲ್ಲೆಯ ಕೆಳಗಿನ ಕಡ್ಡಿನ ಬೋನ್ ಕಟರಲ್ಲಿ (ಹವಳ ಕತ್ತರಿಸೋ ಗಟ್ಟಿ ಕತ್ತರಿ) ಕತ್ತರಿಸಿ ಮೇಲಿನ ಬಿಲ್ಲೆ ಸಮೇತ ಅಂಟಿಸಿ. ಆದ್ರೆ ಇದರ ಜೊತೆ ಹುಡುಗಾಟ ಬೇಡ ಸಾರ್, ಝೋವಾ ಮತ್ತೆ ಅದರ ನೆಂಟ ಪ್ಯಾಲಿಥೋವಾ, ಇವುಗಳ ಕೆಲವು ಜಾತಿಗಳಲ್ಲಿ ಪ್ಯಾಲಿಟಾಕ್ಸಿನ್ ಅನ್ನೋ ಭಾರೀ ವಿಷ ಇರತ್ತೆ, ಕತ್ತರಿಸೋವಾಗ ಪಿಚಕ್ ಅಂತ ಕಣ್ಣಿಗೆ ಹಾರತ್ತೆ. ಗ್ಲೌಸ್, ಕನ್ನಡಕ ಹಾಕ್ಕೊಳ್ಳಿ, ಆ ಕಲ್ಲಿಗೆ ಯಾವತ್ತೂ ಬಿಸಿನೀರು ಹಾಕ್ಬೇಡಿ ಕುದಿಸ್ಬೇಡಿ, ಆ ಹಬೆ ಕುಡಿದು ಮನೆಮಂದಿಯೆಲ್ಲಾ ಆಸ್ಪತ್ರೆ ಸೇರಿದ ಕೇಸ್ ಆಗಿದಾವೆ.

ಹ್ಯಾಮರ್ ಕಥೆ ಉಲ್ಟಾ. ಅದಕ್ಕೆ ಜೀವ ಇರೋದು ತುದೀಲಿ, ಕೆಳಗಿನ ಕಡ್ಡಿ ಬರೀ ಸತ್ತ ಅಸ್ಥಿಪಂಜರ, ಅದು ತಾನಾಗಿ ಕಲ್ಲಿಗೆ ಹಬ್ಬಲ್ಲ, ಹಾಗಾಗಿ ಆಳದ ತೂತಿಗೆ ಕಡ್ಡಿ ಸಿಕ್ಕಿಸಿ ಪುಟ್ಟಿ ಮೆತ್ತಿ. ಮಾಂಸಕ್ಕೆ ಗ್ಲೂ ತಾಗಬಾರದು. ಸುತ್ತ ಅರ್ಧ ಅಡಿ ಖಾಲಿ ಬಿಡಿ, ರಾತ್ರಿ ಹೊತ್ತು ಉದ್ದುದ್ದ ಎಳೆ ಬಿಟ್ಟು ಪಕ್ಕದವರನ್ನ ಸುಡೋ ಬುದ್ಧಿ ಅದಕ್ಕೆ.

ಮಶ್ರೂಮ್‌ಗೆ ಗ್ಲೂ ಹಾಕೋದೇ ತಪ್ಪು, ಲೋಳೆ ಬಿಟ್ಟು ಜಾರ್ಕೊಂಡು ಹೋಗತ್ತೆ. ಒಂದು ಪ್ಲಾಸ್ಟಿಕ್ ಡಬ್ಬೀಲಿ ಲೈವ್ ರಾಕ್ ಚೂರುಗಳನ್ನ ಹಾಕಿ ಅದರ ಮೇಲೆ ಮಶ್ರೂಮ್ ಇಟ್ಟು ಬಾಯಿಗೆ ಬಲೆ ಬಟ್ಟೆ ಕಟ್ಟಿ ಹರಿವು ಕಮ್ಮಿ ಇರೋ ಮೂಲೇಲಿ ಬಿಡಿ, ಒಂದೆರಡು ವಾರದಲ್ಲಿ ತಾನೇ ಒಂದು ಚೂರು ಕಲ್ಲನ್ನ ಹಿಡ್ಕೊಳತ್ತೆ, ಆಮೇಲೆ ಆ ಕಲ್ಲನ್ನ ಅಂಟಿಸಿ.

ಅಂದಹಾಗೆ ಇದನ್ನ ಊರಿಂದ ಓದ್ತಿರೋರಿಗೆ ಒಂದು ಮಾತು. ಹ್ಯಾಮರ್ ತರದ ಕಲ್ಲುಹವಳಗಳೆಲ್ಲಾ ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಶೆಡ್ಯೂಲ್ 1ರಲ್ಲಿವೆ, ಹುಲಿ ಇರೋ ಪಟ್ಟೀಲೇ. ಮುರುಡೇಶ್ವರದ ಹತ್ರ ನೇತ್ರಾಣಿಗೆ ಡೈವಿಂಗ್ ಹೋದವರು ಒಂದು ಚೂರು ಕೂಡ ಮುರ್ಕೊಂಡು ಬರೋ ಹಾಗಿಲ್ಲ. ಇಲ್ಲಿ ನಾನು ತಗೊಳ್ಳೋದು ಬೇರೆ ಹವ್ಯಾಸಿಗಳು ತಮ್ಮ ಟ್ಯಾಂಕಲ್ಲೇ ಬೆಳೆಸಿ ಕತ್ತರಿಸಿದ ತುಂಡುಗಳನ್ನ.

ಇಷ್ಟೆಲ್ಲಾ ಮಾಡಿದ್ಮೇಲೂ ಬಿದ್ರೆ ಟ್ಯಾಂಕಲ್ಲಿ ಟರ್ಬೊ ಬಸವನಹುಳು ಇದೆಯಾ ನೋಡಿ. ಬುಲ್ಡೋಜರ್ ಅದು, ಎದುರಿಗೆ ಸಿಕ್ಕಿದ್ದನ್ನೆಲ್ಲಾ ಉರುಳಿಸ್ಕೊಂಡು ಹೋಗತ್ತೆ. ಪುಟ್ಟಿ ಪೂರ್ತಿ ಗಟ್ಟಿಯಾಗಕ್ಕೆ ಒಂದು ದಿನ ಬೇಕು, ಅಲ್ಲೀವರೆಗೆ ಆ ಹುಳುನ ಸಂಪ್‌ಗೆ (ಟ್ಯಾಂಕ್ ಕೆಳಗಿರೋ ಫಿಲ್ಟರ್ ತೊಟ್ಟಿಗೆ) ಹಾಕಿಡಿ.