ಸೇನೆಗೆ ಹೊರಟ ಮಗ, ಮನೆಯಲ್ಲುಳಿಯುವ ಸಾಲ

ಪಾಂಡವಪುರ ತಾಲ್ಲೂಕಿನ ಓದುಗರೊಬ್ಬರ ಪತ್ರ ಬಂದಿದೆ. ಅವರ ಇಪ್ಪತ್ತು ವರ್ಷದ ಮಗ ನಾಲ್ಕು ವರ್ಷದ ಸೇನಾ ಸೇವೆಯಾದ ಅಗ್ನಿವೀರ ನೇಮಕಾತಿಗೆ ಸಿದ್ಧನಾಗುತ್ತಿದ್ದಾನೆ. ಅವನ ಹೆಸರಿನ ಬೈಕ್ ಸಾಲಕ್ಕೆ ತಾಯಿ ಜಾಮೀನು ಹಾಕಿದ್ದಾರೆ. ಕಬ್ಬಿನ ಹಣ ಕೈಸೇರದೆ ಮೂರು ಕಂತು ಬಾಕಿ ಉಳಿದಿದೆ. ‘ಸಿಬಿಲ್ (ಸಾಲ ತೀರಿಸಿದ ದಾಖಲೆಯ ಅಂಕ) ಕೆಟ್ಟಿದ್ದರೆ ಸೇನೆಗೆ ತೆಗೆದುಕೊಳ್ಳುವುದಿಲ್ಲವಂತೆ, ಸೇರಿಬಿಟ್ಟರೆ ಯಾರೂ ವಸೂಲಿ ಮಾಡುವಂತಿಲ್ಲವಂತೆ. ಯಾವುದು ನಿಜ?’ ಎಂದು ಕೇಳಿದ್ದಾರೆ.

ಸಂಪಾದಕರ ಉತ್ತರ: ಮೊದಲನೆಯದು ನಿಜವಲ್ಲ. ಅಗ್ನಿವೀರರ ಅರ್ಹತೆಯಲ್ಲಿ ವಯಸ್ಸು, ವಿದ್ಯಾಭ್ಯಾಸ, ದೈಹಿಕ ಸಾಮರ್ಥ್ಯ, ಆರೋಗ್ಯ, ನಡತೆಯ ಪ್ರಮಾಣಪತ್ರ ಇವೆಯೇ ಹೊರತು ಸಿಬಿಲ್ ಅಂಕವಿಲ್ಲ. ಬ್ಯಾಂಕ್ ನೌಕರರ ಆಯ್ಕೆ ಪರೀಕ್ಷೆ ನಡೆಸುವ ಐಬಿಪಿಎಸ್ ಸಂಸ್ಥೆಯ ನೇಮಕಾತಿಯಲ್ಲಿ ಮಾತ್ರ ಸಾಲದ ದಾಖಲೆ ಸರಿಯಿರಬೇಕೆಂಬ ನಿಯಮವಿದೆ. ಆ ಮಾತೇ ಸೇನೆಗೂ ಅಂಟಿಕೊಂಡಿರಬೇಕು. ಆದರೆ ಚೆಕ್ ಅಮಾನ್ಯವಾಗಿ ಅಥವಾ ಖಾತೆಯಿಂದ ತಾನಾಗಿ ಕಡಿತವಾಗಬೇಕಾದ ಕಂತು ಹಣವಿಲ್ಲದೆ ಹಿಂದಿರುಗಿ, ಸಾಲ ಕೊಟ್ಟವರು ನ್ಯಾಯಾಲಯಕ್ಕೆ ಹೋದರೆ ಅದು ಕ್ರಿಮಿನಲ್ ಪ್ರಕರಣವಾಗುತ್ತದೆ. ಪೊಲೀಸ್ ಪರಿಶೀಲನೆಯಲ್ಲಿ ಅಡ್ಡ ಬರಬಹುದಾದದ್ದು ಸಾಲವಲ್ಲ, ಇಂಥ ಪ್ರಕರಣ.

ಎರಡನೆಯದು ಅರ್ಧ ನಿಜ, ನನ್ನನ್ನು ಹೆಚ್ಚು ಕಾಡಿದ್ದೂ ಅದೇ. 1950ರ ಸೇನಾ ಕಾಯ್ದೆಯ 28ನೇ ಕಲಮಿನಂತೆ ಸಿವಿಲ್ ನ್ಯಾಯಾಲಯ ಸೈನಿಕನ ಸಂಬಳವನ್ನು ಜಪ್ತಿ ಮಾಡುವಂತಿಲ್ಲ. 29ನೇ ಕಲಮಿನಂತೆ ಸಾಲಕ್ಕಾಗಿ ಅವನನ್ನು ಬಂಧಿಸುವಂತಿಲ್ಲ. ಈ ರಕ್ಷಣೆ ಸೈನಿಕನಿಗೆ, ಸಾಲ ಮಾತ್ರ ಹಾಗೆಯೇ ಉಳಿಯುತ್ತದೆ. 1872ರ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನಷ್ಟೇ ಆದ್ದರಿಂದ, ಮಗ ಎಲ್ಲೋ ದೂರದ ತರಬೇತಿ ಕೇಂದ್ರದಲ್ಲಿರುವಾಗ ವಸೂಲಿಗೆ ಬಂದವರು ನಿಮ್ಮ ಜಗುಲಿಯ ಮೇಲೆ ಕುಳಿತು ತಾಯಿಯನ್ನೇ ಕೇಳುತ್ತಾರೆ. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿಯ ಕರೆ ಮಾಡಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲಿ ಹೇಳಿದೆ. ತಾಯಿಗೆ ಇದನ್ನು ತಿಳಿಸಿಡಿ.

ನಾಲ್ಕು ವರ್ಷದ ನಂತರ ಬರುವ ಸೇವಾನಿಧಿಯನ್ನು ತೋರಿಸಿ ಕಾಲ ತಳ್ಳುವುದೂ ಬೇಡ. ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ ನಿಗದಿಯಾಗಿದ್ದರೂ ಅದರಲ್ಲಿ 9,000 ನಿಧಿಗೆ ಹೋಗಿ ಕೈಗೆ ಬರುವುದು 21,000. ಸರ್ಕಾರದ ಪಾಲು, ಬಡ್ಡಿ ಸೇರಿ ಸುಮಾರು 11.71 ಲಕ್ಷವಾಗುವ ಆ ಹಣ ಅವಧಿ ಮುಗಿದ ಮೇಲೆಯೇ ಸಿಗುವುದು. ಖಾಯಂ ಆಗುವವರು ಶೇ 25ರವರೆಗೆ ಮಾತ್ರ. ಉಳಿದವರು ಊರಿಗೆ ಮರಳಿದಾಗ ಹೊಸ ಬದುಕಿಗೆ ಅದೇ ಬಂಡವಾಳ. ಅದು ಹಳೆಯ ಬಡ್ಡಿಗೆ ಕರಗಬಾರದು.

ನಿಮ್ಮ ಮಗ ಹೊರಟ ಮೇಲೆ ಆ ಬೈಕ್ ಕೊಟ್ಟಿಗೆಯಲ್ಲಿ ನಿಲ್ಲುತ್ತದೆ, ಕಂತು ಮಾತ್ರ ನಿಲ್ಲುವುದಿಲ್ಲ. ಆದ್ದರಿಂದ ನೇಮಕಾತಿಯ ಫಲಿತಾಂಶಕ್ಕೆ ಕಾಯದೆ ತಾಯಿ, ಮಗ ಇಬ್ಬರೂ ಫೈನಾನ್ಸ್ ಶಾಖೆಗೆ ಹೋಗಿ, ಅವರ ಒಪ್ಪಿಗೆ ಪಡೆದು ಬೈಕನ್ನು ಮಾರಿ ಸಾಲ ತೀರಿಸುವುದೇ ಲೇಸೆಂದು ನನಗನ್ನಿಸುತ್ತದೆ. ಬಂದ ಬೆಲೆ ಸಾಲದಿದ್ದರೆ ಉಳಿಕೆಗೆ ಹೊಸ ಕಂತನ್ನು ಬರಹದಲ್ಲಿ ಗೊತ್ತುಮಾಡಿಕೊಳ್ಳಿ. ಸಾಲ ತೀರಿದೊಡನೆ ಬಾಕಿಯಿಲ್ಲದ ಪತ್ರವನ್ನು ಪಡೆಯಿರಿ; ತಾಯಿಯ ಜಾಮೀನು ಮುಗಿದಿದೆಯೆಂಬ ಒಂದು ಸಾಲು ಅದರಲ್ಲಿ ಇರಲೇಬೇಕೆಂದು ಕೇಳಿ.